ನಮ್ಮ ಕಡೆ ವೈನ್ ಆರಿಸುವುದು, ಸವಿಯುವುದು, ವೈನರಿ ನೋಡುವುದು: ನಿಮ್ಮ ಅನುಭವ ಬರೆಯಿರಿ

ಜೋಡಗುಮ್ಮಟ, ವಿಜಯಪುರ

ತಿಕೋಟಾ, ಬಬಲೇಶ್ವರದ ಕಡೆ ಹೊರಟರೆ ರಸ್ತೆಯ ಎರಡೂ ಬದಿ ದ್ರಾಕ್ಷಿ ಪಡ. ಒಣದ್ರಾಕ್ಷಿಯ ಮಾತು ಬಂದರೆ ಊರಿಗೆ ಊರೇ ಪಂಡಿತರು. ವೈನ್ ಎಂದರೆ ಮಾತ್ರ ಎಲ್ಲರೂ ಆ ಕಡೆ ಈ ಕಡೆ ನೋಡುತ್ತಾರೆ, ಇಲ್ಲವೇ ‘ಯಾವ ಬಾರು?’ ಎಂದು ಕೇಳುತ್ತಾರೆ. ಬೆಂಗಳೂರಿನವರು, ಮುಂಬೈಯವರು ಬರೆದದ್ದನ್ನು ಓದಿ ಓದಿ ಸಾಕಾಗಿದೆ. ಅವರ ಸಲಹೆಗಳು ಏಪ್ರಿಲ್‌ನ ವಿಜಯಪುರಕ್ಕೆ ಒಗ್ಗುವುದಿಲ್ಲ. ಆದ್ದರಿಂದ ಈ ಚರ್ಚೆ.

ನಾನು ಶುರು ಮಾಡುತ್ತೇನೆ. ನಮ್ಮ ಭಾಗದಲ್ಲಿ ವೈನ್ ಕೆಡುವುದು ಬಹುಪಾಲು ಅಂಗಡಿಯಲ್ಲಿ. ಮಾಡಿದವರು ಜಾಗ್ರತೆಯಿಂದಲೇ ಮಾಡಿರುತ್ತಾರೆ. ಆಮೇಲೆ ಲಾರಿಯ ಬಿಸಿ, ಗೋದಾಮಿನ ತಗಡಿನ ಬಿಸಿ, ಕೊನೆಗೆ ಅಂಗಡಿಯ ಮೇಲಿನ ಹಲಗೆಯ ಬಿಸಿ. ನಮ್ಮೂರಿನ ಒಂದು ಅಂಗಡಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಗಾಜಿನ ಕಪಾಟು ಇದೆ. ಅಲ್ಲಿಂದ ಒಂದು ಕೆಂಪು ವೈನ್ ಇಳಿಸಿ ಕೈಗೆ ಕೊಟ್ಟರು. ಕಾರ್ಕ್ ಬಾಟಲಿಯ ಬಾಯಿಂದ ಜೋಳದ ಕಾಳಿನಷ್ಟು ಮೇಲೆ ಎದ್ದಿತ್ತು, ಕತ್ತಿನ ಹೊದಿಕೆ ಅಂಟಂಟಾಗಿತ್ತು, ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಇಟ್ಟಂಗಿಯ ಬಣ್ಣ. ಒಳಗಿನ ವೈನ್ ಕಾದು, ಹಿಗ್ಗಿ, ಕಾರ್ಕನ್ನು ದೂಡಿದೆ ಎಂದು ಅರ್ಥ. ಬೇಡ ಎಂದರೆ ಅಂಗಡಿಯವರು, ‘ವೈನ್ ಹಳೆಯದಾದಷ್ಟೂ ಒಳ್ಳೆಯದು ಸಾಹೇಬರೇ’ ಎಂದು ನನಗೇ ಪಾಠ ಹೇಳಿದರು. ಈ ನಂಬಿಕೆಯಿಂದ ಎಷ್ಟು ಜನರ ಬಾಯಿ ಕೆಟ್ಟಿದೆಯೋ ದೇವರೇ ಬಲ್ಲ. ವರ್ಷಗಟ್ಟಲೆ ತಂಪಿನಲ್ಲಿ ಮಲಗಿಸಿಟ್ಟರೆ ಸುಧಾರಿಸುವ ವೈನ್‌ಗಳು ಕೆಲವೇ. ನಮಗೆ ಸಿಗುವ ಬಹುತೇಕ ಬಿಳಿ ಮತ್ತು ರೋಸ್ (ತಿಳಿ ಗುಲಾಬಿ ಬಣ್ಣದ) ವೈನ್‌ಗಳನ್ನು ಕೊಯ್ಲಾದ ಒಂದೆರಡು ವರ್ಷದಲ್ಲಿ ಕುಡಿದು ಮುಗಿಸಬೇಕು.

ಹೀಗಾಗಿ ಲೇಬಲ್‌ನಲ್ಲಿ ನಾನು ಮೊದಲು ನೋಡುವುದು ವರ್ಷ, ಬೆಲೆ ಆಮೇಲೆ. ಹಲಗೆಯ ಮೇಲಿನದು ಬೇಡ, ಒಳಗಿನ ಪೆಟ್ಟಿಗೆಯಿಂದ ಕೊಡಿ ಎನ್ನುತ್ತೇನೆ. ತಿರುಪಿನ ಮುಚ್ಚಳವಿದ್ದರೆ ಇನ್ನೂ ಸಂತೋಷ. ಅದು ಅಗ್ಗದ ಮಾಲಿನ ಗುರುತು ಎಂದು ಮೂಗು ಮುರಿಯುವವರಿದ್ದಾರೆ. ನ್ಯೂಜಿಲೆಂಡ್, ಆಸ್ಟ್ರೇಲಿಯಾದವರು ಒಳ್ಳೆಯ ವೈನ್‌ಗೂ ಅದನ್ನೇ ಹಾಕುತ್ತಾರೆ. ಕಾರ್ಕಿನ ಬಾಟಲಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿಟ್ಟರೆ ಕಾರ್ಕ್ ಒಣಗಿ ಗಾಳಿ ಒಳಗೆ ಹೋಗುತ್ತದೆ. ತಿರುಪಿಗೆ ಆ ತೊಂದರೆ ಇಲ್ಲ.

ಇನ್ನು ‘ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು’ ಎಂಬ ಮಾತು. ಯಾರ ಕೋಣೆ? ಹೇಳಿದವರು ಯುರೋಪಿನ ತಂಪು ಮನೆಗಳಲ್ಲಿದ್ದವರು; ಅವರ ಲೆಕ್ಕ 16ರಿಂದ 18 ಡಿಗ್ರಿ. ನಮ್ಮ ಬೇಸಿಗೆ 40 ದಾಟುತ್ತದೆ, ರಾತ್ರಿಯೂ ಗೋಡೆ ಬಿಸಿಯಾಗಿರುತ್ತದೆ. ಅಂಥ ಕೋಣೆಯಲ್ಲಿಟ್ಟ ಕೆಂಪು ವೈನ್‌ನಲ್ಲಿ ಮದ್ಯಸಾರದ ಘಾಟು ಬಿಟ್ಟು ಬೇರೇನೂ ಸಿಗುವುದಿಲ್ಲ. ಕೆಂಪನ್ನೂ ಅರ್ಧ ಮುಕ್ಕಾಲು ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ, ಬಿಳಿಯನ್ನು 8ರಿಂದ 10 ಡಿಗ್ರಿಗೆ ತನ್ನಿ. ನಮ್ಮೂರಿನಲ್ಲಿ ಇಷ್ಟು ಮಾಡಿದರೆ ಅರ್ಧ ಕೆಲಸ ಆಯಿತು.

ನೀವು ಹೇಗೆ ಆರಿಸುತ್ತೀರಿ, ಯಾವ ಊಟಕ್ಕೆ ಯಾವುದು, ವೈನರಿಗಳಿಗೆ ಹೋಗಿದ್ದೀರಾ, ಎಲ್ಲವನ್ನೂ ಬರೆಯಿರಿ.

ಕಡಕ್ ರೊಟ್ಟಿ, ಬಾಗಲಕೋಟೆ

ಅಣ್ಣ, ಬರೆದದ್ದು ಚೆನ್ನಾಗಿದೆ. ಆದರೆ ನನ್ನ ಸಮಸ್ಯೆ ಅದಕ್ಕಿಂತ ಹಿಂದಿನದು. ಮನೆಯಲ್ಲಿ ಮಟನ್ ಸಾರು ಮಾಡಿದ್ದರು, ಗೆಳೆಯ ತಂದ ದುಬಾರಿ ಕೆಂಪು ವೈನ್, ಕ್ಯಾಬರ್ನೆ ಸೊವಿನ್ಯೋಂ, ಜತೆಗಿತ್ತು. ಎರಡು ಗುಟುಕಿಗೆ ಬಾಯಿ ಒಗರು, ಮೇಲೆ ಖಾರ ದುಪ್ಪಟ್ಟು. ನೀರು ಕುಡಿದು ಕುಡಿದು ಹೊಟ್ಟೆ ತುಂಬಿತು. ಇದರಲ್ಲಿ ನೀವೆಲ್ಲ ಏನು ಸುಖ ಕಾಣುತ್ತೀರಿ? ನಿಜವಾಗಿ ಕೇಳುತ್ತಿದ್ದೇನೆ, ಕುಹಕವಲ್ಲ.

ಟಿಳಕವಾಡಿಯ ಅಕ್ಕ, ಬೆಳಗಾವಿ

ತಮ್ಮಾ, ನಿನ್ನ ನಾಲಿಗೆ ಸರಿಯಾಗಿಯೇ ಇದೆ, ಜೋಡಿ ಸರಿಯಿರಲಿಲ್ಲ. ಹಸಿ ಅಡಿಕೆ ಅಗಿದಾಗ ಒಸಡು ಬಿಗಿಯುತ್ತದಲ್ಲ, ಕೆಂಪು ವೈನ್‌ನ ಒಗರೂ ಅದೇ ಜಾತಿಯದು. ಟ್ಯಾನಿನ್ ಎನ್ನುತ್ತಾರೆ, ಸಿಪ್ಪೆ ಮತ್ತು ಬೀಜದಿಂದ ಬರುತ್ತದೆ. ಕೆಂಪು ವೈನನ್ನು ಸಿಪ್ಪೆ ಸಮೇತ ಹುದುಗಿಸುತ್ತಾರೆ, ಆದ್ದರಿಂದ ಬಣ್ಣವೂ ಒಗರೂ ಅದರಲ್ಲೇ ಹೆಚ್ಚು. ಬಿಳಿ ವೈನ್‌ಗೆ ಹಣ್ಣು ಹಿಂಡಿ ರಸವನ್ನಷ್ಟೇ ತೆಗೆದುಕೊಳ್ಳುತ್ತಾರೆ. ಕ್ಯಾಬರ್ನೆ ದಪ್ಪ ಸಿಪ್ಪೆಯ ಸಣ್ಣ ಹಣ್ಣು, ಒಗರು ಜೋರು. ಬ್ಯಾಡಗಿ, ಗುಂಟೂರು ಮೆಣಸಿನಕಾಯಿ ಸೇರಿದ ಸಾರಿನ ಖಾರವನ್ನು ಒಗರೂ ಎತ್ತಿ ಹಿಡಿಯುತ್ತದೆ, ಮದ್ಯಸಾರವೂ ಎತ್ತಿ ಹಿಡಿಯುತ್ತದೆ. ಯುರೋಪಿನವರು ಕ್ಯಾಬರ್ನೆಯನ್ನು ಹುರಿದ ಮಾಂಸದ ಜತೆ ಕುಡಿಯುತ್ತಾರೆ. ಆ ಮಾಂಸದಲ್ಲಿ ಕೊಬ್ಬಿದೆ, ಉಪ್ಪಿದೆ, ಖಾರವಿಲ್ಲ.

ನಮ್ಮ ಅಡುಗೆಗೆ ಬೇಕಾದದ್ದು ತಂಪು, ಹುಳಿ, ಚೂರು ಸಿಹಿ. ಶೆನಿನ್ ಬ್ಲಾಂಕ್ ಎಂಬ ಬಿಳಿ ದ್ರಾಕ್ಷಿಯ ವೈನ್ ಭಾರತದಲ್ಲಿ ಧಾರಾಳವಾಗಿ ಸಿಗುತ್ತದೆ, ಬೆಲೆಯೂ ಕೈಗೆಟಕುತ್ತದೆ, ಅನೇಕರು ಅದರಲ್ಲಿ ಸ್ವಲ್ಪ ಸಿಹಿ ಉಳಿಸಿರುತ್ತಾರೆ. ಎಣ್ಣೆಗಾಯಿ, ಶೇಂಗಾ ಚಟ್ನಿ, ರೊಟ್ಟಿ ಇಟ್ಟುಕೊಂಡು ಚೆನ್ನಾಗಿ ತಣಿದ ಶೆನಿನ್ ಕುಡಿದು ನೋಡು. ಶೇಂಗಾ, ಎಳ್ಳು, ಗುರೆಳ್ಳಿನ ಎಣ್ಣೆಯ ಜಿಡ್ಡನ್ನು ಅದರ ಹುಳಿ ತೊಳೆದುಬಿಡುತ್ತದೆ. ಕೆಂಪೇ ಬೇಕು ಎಂದರೆ ಓಕ್ ಪೀಪಾಯಿ ಕಾಣದ ಎಳೆಯ ಶಿರಾಜ್, ಅದೂ ತುಸು ತಣಿಸಿ. ಸಾವಜಿ ಊಟಕ್ಕೆ ಮಾತ್ರ ಯಾವ ವೈನೂ ಬೇಡ ಎಂದು ನನ್ನ ತೀರ್ಪು. ಅಲ್ಲಿ ಗೆಲ್ಲುವುದು ಮಜ್ಜಿಗೆ.

ನಾವು ಬೆಳಗಾವಿಯವರಿಗೆ ವೈನ್ ಎಂದರೆ ಗೋವಾದ ಪೋರ್ಟ್ ಎಂದೇ ರೂಢಿ. ಚೋರ್ಲಾ ಘಾಟಿನ ಆಚೆ ಹೋದವರೆಲ್ಲ ಕೇಳುವುದು ಅದನ್ನೇ. ಸಿಹಿ ಪಾನೀಯವಾಗಿ ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಪೋರ್ಚುಗಲ್‌ನ ದೌರೊ ಕಣಿವೆಯ ಪೋರ್ಟ್ ಬೇರೆ ವಸ್ತು: ರಸ ಅರ್ಧ ಹುದುಗಿರುವಾಗಲೇ ದ್ರಾಕ್ಷಿಯ ಸ್ಪಿರಿಟ್ ಸುರಿದು ಯೀಸ್ಟನ್ನು ನಿಲ್ಲಿಸುತ್ತಾರೆ, ಹಣ್ಣಿನದೇ ಸಕ್ಕರೆ ಉಳಿಯುತ್ತದೆ, ಮದ್ಯಸಾರ ಶೇ 20ರ ಹತ್ತಿರ ಹೋಗುತ್ತದೆ. ಒಂದನ್ನು ಕುಡಿದು ಇನ್ನೊಂದರ ಬಗ್ಗೆ ಅಭಿಪ್ರಾಯ ಕೊಡಬೇಡಿ ಎಂಬುದಷ್ಟೇ ನನ್ನ ವಿನಂತಿ.

ಇನ್ನೊಂದು ಮಾತು. ವೈನ್ ಮಂಡಳಿಯವರು ನಮ್ಮ ಊರುಗಳಲ್ಲಿ ಆಗಾಗ ದ್ರಾಕ್ಷಾರಸ ಉತ್ಸವ ಮಾಡುತ್ತಾರೆ. ಅಲ್ಲಿಗೆ ಹೋಗುವವರು ರಿಯಾಯಿತಿ ದರದ ಬಾಟಲಿಗೆ ಮುಗಿಬೀಳುವ ಮೊದಲು ರುಚಿ ನೋಡುವ ಮಳಿಗೆಗಳಲ್ಲಿ ನಿಂತು ಬನ್ನಿ. ಮೊದಲು ಬಿಳಿ, ಆಮೇಲೆ ರೋಸ್, ಆಮೇಲೆ ಕೆಂಪು, ಸಿಹಿ ಕೊನೆಗೆ. ತಿರುವುಮುರುವು ಮಾಡಿದರೆ ಸಿಹಿಯ ನಂತರ ಕುಡಿದದ್ದೆಲ್ಲ ಹುಳಿ ಎನಿಸುತ್ತದೆ. ನುಂಗಲೇಬೇಕು ಎಂದಿಲ್ಲ, ಉಗುಳಬಹುದು. ಹೆಂಗಸೊಬ್ಬಳು ಬಕೆಟ್‌ಗೆ ಉಗುಳುವುದನ್ನು ನೋಡಿ ಪಕ್ಕದ ಗಂಡಸರು ಗಾಬರಿಯಾದರು, ಆಗಲಿ. ಆರೇಳು ಬಗೆ ನೋಡಿದ ಮೇಲೂ ನನಗೆ ಯಾವುದು ಯಾವುದೆಂದು ನೆನಪಿತ್ತು, ಅವರಿಗೆ ಇರಲಿಲ್ಲ.

ಹಿಪ್ಪರಗಿ ಮಾಸ್ತರ, ವಿಜಯಪುರ ಜಿಲ್ಲೆ

ಎಲ್ಲರೂ ಇಷ್ಟು ರಸವತ್ತಾಗಿ ಬರೆಯುತ್ತಿರುವಾಗ ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಸರ ಬೇಡ. ವೈನ್ ಹೃದಯಕ್ಕೆ ಒಳ್ಳೆಯದು ಎಂದು ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. 2023ರ ಜನವರಿಯಲ್ಲಿ ಅದೇ ಸಂಸ್ಥೆಯ ಯುರೋಪ್ ವಿಭಾಗ, ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ಹೇಳಿತು. ದ್ರಾಕ್ಷಿಯಿಂದ ಬಂದದ್ದೆಂದು ಮದ್ಯಸಾರಕ್ಕೆ ಬೇರೆ ಗುಣ ಬರುವುದಿಲ್ಲ. ಕುಡಿಯುವುದು ಬಿಡುವುದು ದೊಡ್ಡವರ ಇಷ್ಟ. ಔಷಧಿ ಎಂದು ಮಾತ್ರ ಹೇಳಬೇಡಿ, ನಮ್ಮ ಊರುಗಳಲ್ಲಿ ಆ ಮಾತನ್ನು ನಂಬುವವರಿದ್ದಾರೆ.

ಜೋಡಗುಮ್ಮಟ, ವಿಜಯಪುರ

ಮಾಸ್ತರರೇ, ಒಪ್ಪಿದೆ. ಈ ಚರ್ಚೆಯಲ್ಲಿ ಯಾರೂ ವೈನನ್ನು ಔಷಧಿ ಎನ್ನುವಂತಿಲ್ಲ. ಕುಡಿದು ಗಾಡಿ ಓಡಿಸುವ ಶೌರ್ಯದ ಕಥೆಗಳೂ ಬೇಡ.

ಪಡದವರು ಯಾರಾದರೂ ಇದ್ದೀರಾ? ನಮ್ಮ ದ್ರಾಕ್ಷಿಯಿಂದ ವೈನ್ ಯಾಕೆ ಹೆಚ್ಚು ಆಗುತ್ತಿಲ್ಲ ಎಂದು ಬೆಳೆದವರ ಬಾಯಿಂದಲೇ ಕೇಳಬೇಕು.

ಪಡದ ಕಾಕಾ, ತಿಕೋಟಾ

ಇದ್ದೇನೆ. ಓದುತ್ತಲೇ ಇದ್ದೆ. ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ ನಡೆದಿತ್ತು, ಬರೆಯಲು ಪುರುಸೊತ್ತು ಆಗಿರಲಿಲ್ಲ.

ನಾವು ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡುತ್ತೇವೆ. ಏಪ್ರಿಲ್‌ನಲ್ಲಿ ಕತ್ತರಿಸುವುದು ಕಡ್ಡಿ ತಯಾರಾಗಲು, ಅಕ್ಟೋಬರ್‌ನಲ್ಲಿ ಕತ್ತರಿಸುವುದು ಹಣ್ಣಿಗೆ. ಎರಡು ಚಾಟ್ನಿ, ಒಂದೇ ಬೆಳೆ. ಚಳಿ ದೇಶಗಳಲ್ಲಿ ಬಳ್ಳಿ ಹಿಮಕ್ಕೆ ತಾನೇ ಎಲೆ ಉದುರಿಸಿ ಮಲಗುತ್ತದೆ; ನಮ್ಮಲ್ಲಿ ಅದು ಮಲಗುವುದೇ ಇಲ್ಲ, ಕತ್ತರಿ ಹಿಡಿದು ನಾವೇ ಲೆಕ್ಕ ಕಲಿಸಬೇಕು. ಹಾಗಾಗಿ ಫ್ರಾನ್ಸ್‌ನವರು ಸೆಪ್ಟೆಂಬರ್‌ನಲ್ಲಿ ಹಣ್ಣು ಕಡಿದರೆ ನಾವು ಜನವರಿಯಿಂದ ಮಾರ್ಚ್‌ವರೆಗೆ ಕಡಿಯುತ್ತೇವೆ. ಅಕ್ಟೋಬರ್ ಚಾಟ್ನಿ ಆದ ಮೇಲೆ ಮಳೆ ಹಿಡಿಯಿತೆಂದರೆ ಡೌನಿ ರೋಗ, ಔಷಧ ಹೊಡೆಯುವುದರಲ್ಲೇ ಹಗಲು ಮುಗಿಯುತ್ತದೆ.

ನಮ್ಮ ಭಾಗದಲ್ಲಿ ಇರುವುದು ಥಾಮ್ಸನ್ ಸೀಡ್‌ಲೆಸ್, ಸೋನಾಕಾ, ಮಾಣಿಕ್ ಚಮನ್, ತಾಸ್-ಎ-ಗಣೇಶ್, ಕರಿಯದು ಬೇಕೆಂದರೆ ಶರದ್. ತಿನ್ನಲು, ಮಣೂಕ (ಒಣದ್ರಾಕ್ಷಿ) ಮಾಡಲು ಇವಕ್ಕೆ ಸರಿಸಾಟಿ ಇಲ್ಲ. ತಿನ್ನುವ ಹಣ್ಣಿನ ಕಾಳು ಉದ್ದ ದಪ್ಪ ಬರಲಿ ಎಂದು ಜಿಬ್ಬರೆಲಿಕ್ ಆಮ್ಲದಲ್ಲಿ ಗೊಂಚಲು ಅದ್ದುತ್ತೇವೆ. ವೈನ್‌ನವರಿಗೆ ಬೇಕಾದದ್ದು ಇದರ ಪೂರಾ ಉಲ್ಟಾ: ಕಾಳು ಸಣ್ಣದಿರಬೇಕು, ಸಿಪ್ಪೆ ದಪ್ಪ ಇರಬೇಕು, ಬೀಜ ಇರಬೇಕು, ಗೊಂಚಲು ಕಡಿಮೆ ಇರಬೇಕು. ಥಾಮ್ಸನ್‌ನಿಂದಲೂ ವೈನ್ ಆಗುತ್ತದೆ, ಆಗುವುದಿಲ್ಲ ಎಂದಲ್ಲ. ಪರಿಮಳ ಬರುವುದಿಲ್ಲ ಅಷ್ಟೇ.

ನಾನು ಒಂದು ತುಂಡು ಹೊಲದಲ್ಲಿ ಶಿರಾಜ್ ಹಾಕಿದ್ದೆ. ಕಡಿಯುವ ಹೊತ್ತು ನಿರ್ಧರಿಸುವುದೇ ಅದರಲ್ಲಿ ಮಜಾ. ಬೆಳಗ್ಗೆ ಪಡದೊಳಗೆ ಹೋಗಿ ಬಿಸಿಲು ಬೀಳುವ ಬದಿಯಿಂದ ಕೆಲವು ಕಾಳು, ನೆರಳಿನ ಬದಿಯಿಂದ ಕೆಲವು ಕಾಳು ಕೀಳುವುದು. ಹಿಂಡಿ ಒಂದು ಹನಿಯನ್ನು ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಬಿಟ್ಟು, ಮುಚ್ಚಿ, ಸೂರ್ಯನ ಕಡೆ ಹಿಡಿದು ಕಣ್ಣಿಟ್ಟರೆ ಮೇಲೆ ನೀಲಿ, ಕೆಳಗೆ ಬಿಳಿ, ನಡುವೆ ಒಂದು ಗೆರೆ. ಗೆರೆ 23ರ ಮೇಲೆ ನಿಂತರೆ ಸಕ್ಕರೆ ಬಂದಿದೆ. ಆ ಅಂಕಿಗೆ ಬ್ರಿಕ್ಸ್ ಎನ್ನುತ್ತಾರೆ, ರಸದಲ್ಲಿ ಸಕ್ಕರೆ ಎಷ್ಟು ಎಂಬ ಲೆಕ್ಕ. ತಿನ್ನುವ ಹಣ್ಣಿಗೆ 18 ಸಾಕು, ಮಣೂಕಕ್ಕೆ 22 ದಾಟಬೇಕು, ವೈನ್‌ಗೆ 22ರಿಂದ 24. 24 ಬ್ರಿಕ್ಸ್‌ನ ರಸ ಪೂರ್ತಿ ಹುದುಗಿದರೆ ಮದ್ಯಸಾರ ಶೇ 13-14 ಬರುತ್ತದೆ. ಆದರೆ ಬರೀ ಗೆರೆ ನೋಡಿ ಕಡಿಯುವವನು ವೈನ್ ದ್ರಾಕ್ಷಿಯ ರೈತನಲ್ಲ. ಕಾಳನ್ನು ಬಾಯಿಗೆ ಹಾಕಿ ಸಿಪ್ಪೆ ಬೇರೆ ಅಗಿಯಬೇಕು, ಬೀಜ ಬೇರೆ ಕಡಿಯಬೇಕು. ಬೀಜ ಹಸಿರಿದ್ದರೆ ಕಹಿ, ಇನ್ನೂ ಕಾಯಬೇಕು. ಕಂದಾಗಿ ಕಟುಂ ಎಂದು ಮುರಿದರೆ ಆಯಿತು. ಕಾಯುತ್ತಾ ಕುಳಿತರೂ ತೊಂದರೆ: ನಮ್ಮ ಬಿಸಿಲಿಗೆ ಸಕ್ಕರೆ ಏರಿದ ಹಾಗೆ ಹುಳಿ ಇಳಿದುಹೋಗುತ್ತದೆ, ಹುಳಿ ಇಲ್ಲದ ವೈನ್ ಸಪ್ಪೆ. ರಾತ್ರಿ ತಂಪು ಇದ್ದರೆ ಹುಳಿ ಉಳಿಯುತ್ತದೆ. ಬೆಳಗಿನ ಜಾವ ಕಡಿದು ಬಿಸಿಲೇರುವ ಮೊದಲೇ ಗಾಡಿ ತುಂಬಿಸುವುದು ಅದಕ್ಕೇ.

ಇನ್ನು ನೀವು ಕೇಳಿದ ಪ್ರಶ್ನೆ. 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು, ವೈನ್ ಮಂಡಳಿ ಆಯಿತು, ದಕ್ಷಿಣಕ್ಕೆ ನಂದಿ ಕಣಿವೆ, ನಮ್ಮ ಕಡೆ ಕೃಷ್ಣಾ ಕಣಿವೆ ಎಂದು ಹೆಸರಿಟ್ಟರು. ಹುರುಪಿನಿಂದ ಕೆಲವರು ತಳಿ ಬದಲಿಸಿದೆವು. ತಿನ್ನುವ ದ್ರಾಕ್ಷಿ ಎಕರೆಗೆ 10-12 ಟನ್ ಬರುವ ಕಡೆ ವೈನ್ ದ್ರಾಕ್ಷಿ 4-5 ಟನ್. ಅದಕ್ಕೆ ತಕ್ಕ ದರ ಕೊಟ್ಟರೆ ಸರಿ. ನಾನು ಒಪ್ಪಂದ ಮಾಡಿಕೊಂಡಿದ್ದ ವೈನರಿಯವರು ಒಂದು ವರ್ಷ ಕಡಿಯುವ ವಾರದಲ್ಲಿ ಫೋನ್ ಎತ್ತುವುದನ್ನೇ ಬಿಟ್ಟರು. ಹೆಸರು ಬೇಡ. ಥಾಮ್ಸನ್‌ಗೆ ದರ ಬೀಳಲಿ, ಚಿಂತೆ ಇಲ್ಲ: ಪೊಟ್ಯಾಶಿಯಂ ಕಾರ್ಬೊನೇಟ್, ಡಿಪ್ಪಿಂಗ್ ಎಣ್ಣೆಯ ನೀರಿನಲ್ಲಿ ಅದ್ದಿ ಶೆಡ್‌ನ ಬಲೆಯ ಮೇಲೆ ಹರವಿದರೆ ಎರಡು ವಾರದಲ್ಲಿ ಮಣೂಕ. ನಾಲ್ಕು ಕಿಲೋಗೆ ಒಂದು ಕಿಲೋ ಇಳಿದರೂ ಶೀತಗೃಹದಲ್ಲಿಟ್ಟು ದರ ಬಂದಾಗ ವಿಜಯಪುರದಲ್ಲೋ ತಾಸಗಾಂವದಲ್ಲೋ ಮಾರಬಹುದು. ಬೀಜ ತುಂಬಿದ ಶಿರಾಜನ್ನು ಯಾರು ತಿನ್ನುತ್ತಾರೆ, ಯಾರು ಒಣಗಿಸುತ್ತಾರೆ? ಕೊಳ್ಳುವವನು ಒಬ್ಬನೇ ಇದ್ದು, ಅವನು ಕೈ ಎತ್ತಿದರೆ ರೈತನ ಕಥೆ ಮುಗಿಯಿತು. ಅರ್ಧ ಪಡ ಕಿತ್ತು ಮತ್ತೆ ಥಾಮ್ಸನ್ ಹಾಕಿದೆ. ಉಳಿದ ಅರ್ಧ ಇನ್ನೂ ಇದೆ. ಈಗ ಬೇರೆಯವರು ಒಯ್ಯುತ್ತಾರೆ, ಹಣ ತಡವಾದರೂ ಬರುತ್ತದೆ.

ಟಿಳಕವಾಡಿಯ ಅಕ್ಕ, ಬೆಳಗಾವಿ

ಕಾಕಾ, ನೀವು ಬರೆದದ್ದನ್ನು ಓದಿದ ಮೇಲೆ ಬಾಟಲಿಯ ಹಿಂದಿನ ಲೇಬಲ್‌ನ ಕವಿತೆಗಳನ್ನು ಓದುವ ಮನಸ್ಸೇ ಹೋಯಿತು. ಒಂದು ಕೇಳಬೇಕು: ನಿಮ್ಮ ಶಿರಾಜ್‌ನಿಂದ ಆದ ವೈನ್ ನೀವು ಕುಡಿದಿದ್ದೀರಾ?

ಪಡದ ಕಾಕಾ, ತಿಕೋಟಾ

ಇಲ್ಲ ತಂಗಿ. ನಾನು ಮಾಳಕರಿ. ಪಂಢರಪುರದ ವಾರಿಗೆ ಹೋಗುವವನು, ಕೊರಳಲ್ಲಿ ತುಳಸಿ ಮಾಲೆ ಇದೆ. ಹಣ್ಣಿನ ರುಚಿ ಗೊತ್ತು, ಅದರಾಚೆಗೆ ನನ್ನ ಲೆಕ್ಕವಲ್ಲ. ನನ್ನ ಮಗ ಕುಡಿದು ‘ಚೆನ್ನಾಗಿದೆ’ ಎಂದ. ಅವನಿಗೆ ಎಲ್ಲವೂ ಚೆನ್ನಾಗಿಯೇ ಇರುತ್ತದೆ.

ಜೋಡಗುಮ್ಮಟ, ವಿಜಯಪುರ

ಕಾಕಾ ಪಂಢರಪುರದ ಮಾತು ತೆಗೆದದ್ದು ಒಳ್ಳೆಯದಾಯಿತು, ನನ್ನ ವೈನರಿ ಪ್ರವಾಸದ ದಾರಿಯೂ ಅದೇ. ನಮ್ಮಿಂದ ಬೆಂಗಳೂರಿನ ಆಚೆಯ ನಂದಿ ಬೆಟ್ಟಕ್ಕೆ 500 ಕಿಲೋಮೀಟರಿಗೂ ಹೆಚ್ಚು. ಗಡಿಯಾಚೆ ಸೋಲಾಪುರ ಜಿಲ್ಲೆಯ ಅಕಲೂಜ್‌ನಲ್ಲಿರುವ ಫ್ರಾಟೆಲ್ಲಿ ವೈನರಿ ಅರ್ಧ ದಿನದ ದಾರಿ. ಮಂಗಳವೇಢೆ, ಪಂಢರಪುರ ದಾಟಿ ಹೋಗಬೇಕು. ಮನೆಯವರನ್ನು ಒಪ್ಪಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ: ಮೊದಲು ವಿಠ್ಠಲನ ದರ್ಶನ, ಮಾರನೆಯ ದಿನ ನನ್ನ ಕೆಲಸ. ಅತ್ತೆಯವರಿಗೆ ‘ದ್ರಾಕ್ಷಿ ಕಾರ್ಖಾನೆ’ ಎಂದು ಹೇಳಿದ್ದೆವು, ಸುಳ್ಳೇನಲ್ಲ.

ಇಟಲಿಯವರು, ದೆಹಲಿಯವರು, ಅಕಲೂಜ್‌ನ ಮೋಹಿತೆ ಪಾಟೀಲ ಮನೆತನದವರು ಸೇರಿ 2007ರಲ್ಲಿ ಕಟ್ಟಿದ ಸಂಸ್ಥೆ ಅದು. ಅಲ್ಲಿಗೆ ವೈನ್ ತಯಾರಕರಾಗಿ ಬಂದವರು ಇಟಲಿಯ ಟಸ್ಕನಿಯ ಪಿಯೆರೊ ಮಾಸಿ. ಸ್ಯಾಂಜಿಯೊವೆಸೆ ಎಂಬ ಇಟಲಿಯ ಕೆಂಪು ತಳಿಯನ್ನು ಸೋಲಾಪುರದ ಬಿಸಿಲಿನಲ್ಲಿ ಬೆಳೆಯುತ್ತಾರೆ. ಅದಕ್ಕೆ ಕ್ಯಾಬರ್ನೆ ಬೆರೆಸಿದ ‘ಸೆಟ್ಟೆ’ ಅವರ ಹೆಸರಾಂತ ವೈನ್.

ನನ್ನ ಮನಸ್ಸಿನಲ್ಲಿ ಉಳಿದದ್ದು ರುಚಿಯ ಕೋಣೆಗಿಂತ ಹಿಂದಿನ ಶೆಡ್. ಉಕ್ಕಿನ ತೊಟ್ಟಿಗಳ ಸುತ್ತ ತಣ್ಣೀರಿನ ಕವಚ. ಬಿಳಿ ವೈನ್ ಇರುವ ತೊಟ್ಟಿಯ ಮೈ ಬೆವೆತು ಹನಿ ಇಳಿಯುತ್ತಿತ್ತು, ಕೈ ಇಟ್ಟರೆ ಜುಮ್ಮೆನ್ನುವ ತಂಪು, ಹೊರಗೆ ಮುಖ ಸುಡುವ ಬಿಸಿಲು. ಹುದುಗುವಾಗ ರಸ ತಾನೇ ಬಿಸಿಯಾಗುತ್ತದೆ. ತಣಿಸದಿದ್ದರೆ ಪರಿಮಳವೆಲ್ಲ ಆವಿಯ ಜತೆ ಹೋಗುತ್ತದೆ. ಬಿಳಿಯನ್ನು 15 ಡಿಗ್ರಿಯ ಆಸುಪಾಸು ಹುದುಗಿಸುತ್ತಾರೆ, ಕೆಂಪನ್ನು 25ರಿಂದ 30ರಲ್ಲಿ. ನಮ್ಮಂಥ ಊರುಗಳಲ್ಲಿ ವೈನ್ ಬೆಲೆಯೊಳಗೆ ಕರೆಂಟ್ ಬಿಲ್ಲೂ ಕುಳಿತಿದೆ ಎಂದು ಅಲ್ಲಿ ನಿಂತಾಗ ಹೊಳೆಯಿತು.

ಹೋಗುವವರಿಗೆ ಒಂದೆರಡು ಮಾತು. ಫೆಬ್ರವರಿಯಲ್ಲಿ ಹೋಗಿ. ಮಳೆಗಾಲದಲ್ಲಿ ಹಸಿರು ಚೆಂದ, ಫೋಟೊ ಚೆಂದ, ಆದರೆ ಗೊಂಚಲು ಇರುವುದಿಲ್ಲ, ತೊಟ್ಟಿಗಳಲ್ಲಿ ಹುದುಗುವ ಸದ್ದೂ ಇರುವುದಿಲ್ಲ. ಮೊದಲೇ ಫೋನ್ ಮಾಡಿ ಹೇಳಿರಿ. ಗಾಡಿ ಓಡಿಸುವವರು ಕುಡಿಯುವುದು ಬೇಡ. ಅಕ್ಕ ಹೇಳಿದಂತೆ ಉಗುಳಿದರೂ ಅಷ್ಟಿಷ್ಟು ಒಳಗೆ ಹೋಗುತ್ತದೆ. ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯ್ದೆ ಇನ್ನೂ ಇದೆ, ಕುಡಿಯುವುದಕ್ಕೂ ಪರ್ಮಿಟ್ ಕೇಳುವ ರಾಜ್ಯ ಅದು. ಬಾಟಲಿಗಳನ್ನು ಗಡಿ ದಾಟಿಸುವ ಮುನ್ನ ಎರಡೂ ಕಡೆಯ ಅಬಕಾರಿ ನಿಯಮ ಕೇಳಿಕೊಳ್ಳಿ, ಚೆಕ್‌ಪೋಸ್ಟ್‌ನಲ್ಲಿ ವೈನ್ ವಿಮರ್ಶೆ ನಡೆಯುವುದಿಲ್ಲ.

ಐಹೊಳೆ ಹಾದಿ, ಹುನಗುಂದ

ಗಡಿ ದಾಟುವ ತಾಪತ್ರಯ ಯಾಕೆ? ನಮ್ಮ ಬಾಗಲಕೋಟೆಯ ಪಕ್ಕದ ಕೊಪ್ಪಳ ಜಿಲ್ಲೆಯಲ್ಲೇ ಕೃಷ್ಮಾ ಎಸ್ಟೇಟ್ಸ್ ಇದೆ. ಹಂಪಿ ಬೆಟ್ಟ ಸಾಲಿನ ಕಲ್ಲು ನೆಲದಲ್ಲಿ ಕ್ಯಾಬರ್ನೆ ಸೊವಿನ್ಯೋಂ, ಸ್ಯಾಂಜಿಯೊವೆಸೆ, ಶಿರಾಜ್ ಬೆಳೆಯುತ್ತಾರೆ. ಹೊರಗಿನಿಂದ ದ್ರಾಕ್ಷಿ ಕೊಳ್ಳದೆ ತಮ್ಮದೇ ತೋಟದ ಹಣ್ಣಿನಿಂದ ಮಾಡುವ ಸಣ್ಣ ವೈನರಿ. ಇದು ಜಾತ್ರೆಯಲ್ಲಿ ನುಗ್ಗುವ ಜಾಗವಲ್ಲ, ಮೊದಲೇ ಕೇಳಿಕೊಂಡು ಹೋಗಬೇಕು. ಕರಿ ಎರೆ ಮಣ್ಣಿನಲ್ಲಿ ನೀರು ನಿಲ್ಲುತ್ತದೆ, ಬಳ್ಳಿ ಎಲೆಯನ್ನೇ ಬೆಳೆಸುತ್ತದೆ. ಕಲ್ಲು, ಗರಸು ನೆಲದಲ್ಲಿ ನೀರು ಇಳಿದುಹೋಗಿ ಬಳ್ಳಿ ತ್ರಾಸಪಟ್ಟು ಸಣ್ಣ ಕಾಳು ಕೊಡುತ್ತದೆ. ಕಾಕಾ ಹೇಳಿದ ಲೆಕ್ಕ ಅಲ್ಲಿ ಕಣ್ಣಿಗೆ ಕಾಣುತ್ತದೆ.

ಅವರ ಕೆಂಪು ವೈನ್‌ಗಳ ಬೆಲೆ ನನ್ನಂಥವನಿಗೆ ಹಬ್ಬಕ್ಕೆ ಮಾತ್ರ. ಹಾಗಾಗಿ ಗೆಳೆಯರು ಸೇರಿ ಬೇರೆ ಆಟ ಆಡುತ್ತೇವೆ: ಪ್ರತಿಯೊಬ್ಬರೂ ಒಂದೊಂದು ಬಾಟಲಿ ತರುವುದು, ಎಲ್ಲಕ್ಕೂ ದಿನಪತ್ರಿಕೆ ಸುತ್ತುವುದು, ಮನೆಯ ಮಕ್ಕಳ ಕೈಯಲ್ಲಿ ಕಾಗದದ ಮೇಲೆ ಅಂಕಿ ಬರೆಸುವುದು, ಕುಡಿದು ದರ್ಜೆ ಕೊಟ್ಟ ಮೇಲೆ ಪತ್ರಿಕೆ ಬಿಚ್ಚುವುದು. ಬೆಲೆ ನೋಡಿ ಹೊಗಳುವ ಚಾಳಿ ಇದರಿಂದ ಬೇಗ ಬಿಡುತ್ತದೆ. ಹೋದ ಸಲ ಮೊದಲ ಸ್ಥಾನ ಬಂದದ್ದು ನಮ್ಮ ಗುಂಪಿನ ಅತಿ ಜಿಪುಣ ತಂದಿದ್ದ ಶಿರಾಜ್‌ಗೆ. ಅವನ ಜಂಬ ಇನ್ನೂ ಇಳಿದಿಲ್ಲ.

ಹಿಪ್ಪರಗಿ ಮಾಸ್ತರ, ವಿಜಯಪುರ ಜಿಲ್ಲೆ

ಕುಡಿಯದವನ ಕಡೆಯಿಂದ ಒಂದು ಕಾಣಿಕೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹಿಯ ಕಾಲದಲ್ಲಿ, 1604ರ ಸುಮಾರಿಗೆ, ಅಕ್ಬರನ ದೂತನಾಗಿ ಅಸದ್ ಬೇಗ್ ವಿಜಾಪುರಕ್ಕೆ ಬಂದ. ಇಲ್ಲಿಯ ಪೇಟೆಯನ್ನು ವರ್ಣಿಸುವಾಗ ಆಭರಣ, ಸುಗಂಧ, ಬಟ್ಟೆ, ನರ್ತಕಿಯರ ಜತೆ ಮದ್ಯದ ಅಂಗಡಿಗಳ ಸಾಲನ್ನೂ ಬೆರಗಿನಿಂದ ಬರೆದಿದ್ದಾನೆ. ತಂಬಾಕನ್ನು ಇಲ್ಲಿಂದ ಒಯ್ದು ಅಕ್ಬರನಿಗೆ ತೋರಿಸಿದವನೂ ಇವನೇ. ನಮ್ಮೂರು ಆಗ್ರಾಕ್ಕೆ ಕೊಟ್ಟ ಚಟಗಳ ಪಟ್ಟಿ ಮಾಡಬೇಕೆಂದರೆ ಅಲ್ಲಿಂದ ಶುರು ಮಾಡಿ.

ಬನಹಟ್ಟಿ ಹುಡುಗ

ಸರ್, ಎಲ್ಲರೂ ಅಂಗಡಿಯ ವೈನ್ ಬಗ್ಗೆಯೇ ಬರೆದಿದ್ದೀರಿ. ಮನೆಯಲ್ಲಿ ಭರಣಿಯಲ್ಲಿ ದ್ರಾಕ್ಷಿ, ಸಕ್ಕರೆ, ಯೀಸ್ಟ್ ಹಾಕಿ ಮಾಡುವ ವಿಡಿಯೊ ನೋಡಿದೆ. ಮಾಡಬಹುದೇ? ನಮ್ಮಲ್ಲಿ ದ್ರಾಕ್ಷಿ ಅಗ್ಗ.

ಟಿಳಕವಾಡಿಯ ಅಕ್ಕ, ಬೆಳಗಾವಿ

ತಮ್ಮಾ, 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ವಿಡಿಯೊದವರು ಅದನ್ನು ಹೇಳಿರುವುದಿಲ್ಲ. ಹುದುಗುವ ರಸದಿಂದ ಇಂಗಾಲದ ಡೈಆಕ್ಸೈಡ್ ಒಂದೇ ಸಮ ಬರುತ್ತಿರುತ್ತದೆ, ಬಿಗಿಯಾಗಿ ಮುಚ್ಚಿದ ಗಾಜಿನ ಬಾಟಲಿ ಸಿಡಿಯುತ್ತದೆ ಎಂಬುದನ್ನೂ ಹೇಳಿರುವುದಿಲ್ಲ. ಹೆಸರೇ ಹುಡುಗ ಎಂದಿದೆ, 21 ಆಗಿದೆಯೋ ಇಲ್ಲವೋ. ದ್ರಾಕ್ಷಿ ಅಗ್ಗವಾಗಿದ್ದರೆ ತಿನ್ನು.

ಕಡಕ್ ರೊಟ್ಟಿ, ಬಾಗಲಕೋಟೆ

ವರದಿ ಒಪ್ಪಿಸುತ್ತೇನೆ. ಅಕ್ಕ ಹೇಳಿದಂತೆ ಶೆನಿನ್ ತಂದೆ. ಅಂಗಡಿಯಲ್ಲಿ ವರ್ಷ ಓದಿದೆ, ಒಳಗಿನ ಪೆಟ್ಟಿಗೆಯಿಂದ ಕೊಡಿ ಎಂದೆ. ಅಂಗಡಿಯವರು ನನ್ನನ್ನು ಅಬಕಾರಿ ಇಲಾಖೆಯವನು ಎಂದುಕೊಂಡು ಕುರ್ಚಿ ಹಾಕಿದರು. ತಿರುಪಿನ ಮುಚ್ಚಳದ್ದೇ ಸಿಕ್ಕಿತು. ಮಧ್ಯಾಹ್ನವೇ ಫ್ರಿಜ್‌ನಲ್ಲಿಟ್ಟು ರಾತ್ರಿ ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಸಜ್ಜಿ ರೊಟ್ಟಿ, ಕೆಂಪು ಖಾರದ ಜತೆ ತೆಗೆದೆ. ಮೊದಲು ಮೂಗಿಗೆ ಪೇರಲ ಹಣ್ಣು, ಆಮೇಲೆ ನಿಂಬೆ. ಬದನೆಕಾಯಿಯ ಮಸಾಲೆ ಬಾಯಲ್ಲಿರುವಾಗಲೇ ಒಂದು ಗುಟುಕು ಕುಡಿದರೆ ಖಾರ ಹೋಗುವುದಿಲ್ಲ, ಆದರೆ ಉರಿ ಕೂತುಕೊಳ್ಳುತ್ತದೆ, ಮುಂದಿನ ತುತ್ತಿಗೆ ಮನಸ್ಸಾಗುತ್ತದೆ. ಕೆಂಪು ಖಾರದ ಮುಂದೆ ಮಾತ್ರ ಅದೂ ಸೋತಿತು. ಅರ್ಧ ಬಾಟಲಿ ಉಳಿದಿದೆ, ಎಷ್ಟು ದಿನ ಇಡಬಹುದು?

ಒಂದು ತಕರಾರು ಇದೆ. ಗಾಜಿನ ಲೋಟ ಹಿಡಿದು ಗರಗರ ತಿರುಗಿಸುವುದೆಲ್ಲ ನಾಟಕವೇ ತಾನೇ?

ಐಹೊಳೆ ಹಾದಿ, ಹುನಗುಂದ

ತಿರುಗಿಸಿದರೆ ವೈನ್‌ಗೆ ಗಾಳಿ ತಾಗಿ ಪರಿಮಳ ಮೇಲೇಳುತ್ತದೆ, ಬಾಯಿ ಕಿರಿದಾದ ಲೋಟದಲ್ಲಿ ಅದು ಅಲ್ಲೇ ನಿಲ್ಲುತ್ತದೆ. ಒಂದೇ ವೈನನ್ನು ಸ್ಟೀಲ್ ಲೋಟಕ್ಕೂ ಗಾಜಿನ ಲೋಟಕ್ಕೂ ಹಾಕಿ ಮೂಸಿ ನೋಡಿ, ನಾಟಕವೋ ಅಲ್ಲವೋ ಗೊತ್ತಾಗುತ್ತದೆ. ತುಂಬ ಹಾಕಬೇಡಿ, ಮೂರನೇ ಒಂದು ಪಾಲು ಸಾಕು. ತಿರುಗಿಸಿದ ಮೇಲೆ ಗಾಜಿನ ಗೋಡೆಯಲ್ಲಿ ಇಳಿಯುವ ಗೆರೆ ನೋಡಿ ‘ಆಹಾ, ಉತ್ತಮ ವೈನ್’ ಎನ್ನುವುದು ಇದೆಯಲ್ಲ, ಅದು ನಾಟಕ. ಗೆರೆ ಹೇಳುವುದು ಮದ್ಯಸಾರದ ಪ್ರಮಾಣವನ್ನು, ಸಕ್ಕರೆಯಿದ್ದರೆ ಅದನ್ನೂ. ಗುಣಮಟ್ಟವನ್ನಲ್ಲ.

ಉಳಿದ ಅರ್ಧ ಬಾಟಲಿಗೆ ಮುಚ್ಚಳ ಬಿಗಿದು ಫ್ರಿಜ್‌ನಲ್ಲಿಡಿ, ಮೂರು ನಾಲ್ಕು ದಿನ ತೊಂದರೆ ಇಲ್ಲ. ಕೆಂಪು ವೈನ್ ಉಳಿದರೂ ಫ್ರಿಜ್‌ಗೇ ಹಾಕಿ. ವಾರ ದಾಟಿದರೆ ಅಡುಗೆಗೆ ಬಳಸಿ.

ಟಿಳಕವಾಡಿಯ ಅಕ್ಕ, ಬೆಳಗಾವಿ

ಪೇರಲ, ನಿಂಬೆ ಎರಡೂ ಸಿಕ್ಕವೇ! ತಮ್ಮಾ, ನಿನ್ನ ಮೂಗು ನಮ್ಮೆಲ್ಲರಿಗಿಂತ ಚೆನ್ನಾಗಿದೆ. ಮುಂದಿನ ಸಲ ಊಟ ಮುಗಿದ ಮೇಲೆ ಬೆಳಗಾವಿ ಕುಂದಾ ಇಟ್ಟುಕೊಂಡು ತಡವಾಗಿ ಕೊಯ್ದ ಶೆನಿನ್‌ನ ಸಿಹಿ ವೈನ್ ಪ್ರಯತ್ನಿಸು. ಹಣ್ಣನ್ನು ಬಳ್ಳಿಯಲ್ಲೇ ಬಿಟ್ಟು ಸಕ್ಕರೆ ಗಟ್ಟಿಯಾದ ಮೇಲೆ ಕಡಿದು ಮಾಡುತ್ತಾರೆ, ಸಣ್ಣ ಬಾಟಲಿಯಲ್ಲಿ ಬರುತ್ತದೆ. ಸಿಹಿತಿಂಡಿಗಿಂತ ವೈನ್ ಸಿಹಿಯಾಗಿರಬೇಕು, ಇಲ್ಲದಿದ್ದರೆ ಹುಳಿ ಎನಿಸುತ್ತದೆ. ಕುಂದಾದ ಕಾಯಿಸಿದ ಹಾಲಿನ ರುಚಿಗೆ ಅದು ಒಪ್ಪುತ್ತದೆ. ಕರದಂಟಿಗೆ ಹೊಂದುವುದು ನನಗಿನ್ನೂ ಸಿಕ್ಕಿಲ್ಲ, ಅಂಟು ಹಲ್ಲಿಗೆ ಹಿಡಿದಿರುವಾಗ ಯಾವ ವೈನ್ ಏನು ಮಾಡೀತು?

ಪಡದ ಕಾಕಾ, ತಿಕೋಟಾ

ನೀವೆಲ್ಲ ಇಷ್ಟು ದೂರ ದೂರ ಹೋಗಿ ಬರುತ್ತೀರಿ, ಇಲ್ಲಿಗೂ ಬನ್ನಿ. ಫೆಬ್ರವರಿ ಎರಡನೇ ವಾರದ ಹೊತ್ತಿಗೆ ಶಿರಾಜ್ ಹದಕ್ಕೆ ಬರುತ್ತದೆ. ವೈನ್ ಸಿಗುವುದಿಲ್ಲ, ಮೊದಲೇ ಹೇಳಿದ್ದೇನೆ. ಹಣ್ಣು ತಿನ್ನಬಹುದು, ರಿಫ್ರಾಕ್ಟೋಮೀಟರ್‌ನಲ್ಲಿ ನೋಡಬಹುದು, ಅದೇ ಹೊತ್ತಿಗೆ ಥಾಮ್ಸನ್ ಅದ್ದಿ ಮಣೂಕಕ್ಕೆ ಹಾಕುವುದನ್ನೂ ನೋಡಬಹುದು. ಬೆಳಗ್ಗೆ ಆರಕ್ಕೆ ಪಡದಲ್ಲಿರಬೇಕು. ಎಂಟರ ಮೇಲೆ ಬಂದವರಿಗೆ ಖಾಲಿ ಬುಟ್ಟಿ ಕಾಣುತ್ತವೆ.

ಜೋಡಗುಮ್ಮಟ, ವಿಜಯಪುರ

ನಾನು ಬರುತ್ತೇನೆ ಕಾಕಾ. ನನ್ನ ಗಾಡಿಯಲ್ಲಿ ಇನ್ನೂ ನಾಲ್ವರಿಗೆ ಜಾಗವಿದೆ, ಕೇಂದ್ರ ಬಸ್ ನಿಲ್ದಾಣದಿಂದ ಐದು ಗಂಟೆಗೆ ಹೊರಡುತ್ತೇನೆ. ಬೆಳಗಾವಿಯಿಂದ ಬರುವವರು ಹಿಂದಿನ ರಾತ್ರಿಯೇ ಬಂದು ಉಳಿದರೆ ಒಳ್ಳೆಯದು. ಮಾಸ್ತರರೇ, ನೀವೂ ಬರಬೇಕು, ಇಲ್ಲಿ ಕುಡಿಯುವ ಪ್ರಶ್ನೆಯೇ ಇಲ್ಲವಲ್ಲ.

ಹಿಪ್ಪರಗಿ ಮಾಸ್ತರ, ವಿಜಯಪುರ ಜಿಲ್ಲೆ

ಎರಡನೇ ಶನಿವಾರವಾದರೆ ಬರುತ್ತೇನೆ. ಮಣೂಕ ಅಲ್ಲೇ ಖರೀದಿಗೆ ಸಿಗುತ್ತದೆಯೇ? ಮನೆಯವರು ಕೇಳುತ್ತಿದ್ದಾರೆ.

ಪಡದ ಕಾಕಾ, ತಿಕೋಟಾ

ಸಿಗುತ್ತದೆ ಮಾಸ್ತರರೇ. ಹಸಿರು ಬಣ್ಣದ್ದು ಬೇಕೋ, ಹಳದಿಯದೋ, ಮೊದಲೇ ಹೇಳಿ. ಚೀಲ ಮಾತ್ರ ನೀವೇ ತನ್ನಿ.